ಹೊಗೆ ಬೀಳದ ಪಟ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ನಮ್ಮ ಶಾಲೆಗೆ ಶಿಡ್ಲಘಟ್ಟದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಡ್ರಿಲ್ ಮೇಷ್ಟರು. ಆ ಕಡೆ ಮಳೆ ಹೇಗೆ, ಬಸ್ಸು ಹೇಗೆ ಎಂದು ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ನಡುವೆ, "ಅಂದ ಹಾಗೆ ನಿಮ್ಮ ಬಾಣದ ಸಾಬರು ಹೋಗ್ಬಿಟ್ರಂತಲ್ಲ ಸಾರ್, ತಿಂಗಳಾಯ್ತಂತೆ" ಎಂದರು. ನಾನು "ಹೌದಾ" ಎಂದೆ. ನನ್ನ ಮುಂದೆ ಏಳನೇ ತರಗತಿಯ ಲೆಕ್ಕದ ಪುಸ್ತಕಗಳಿದ್ದವು. ಇನ್ನೂ ಅರ್ಧದಷ್ಟು ತಿದ್ದುವುದು ಬಾಕಿಯಿತ್ತು, ತಿದ್ದಿದೆ. ಸಂಜೆ ಮನೆಗೆ ಹೋಗಿ ಊಟ ಮಾಡಿದೆ. ಸಾರಿಗೆ ಉಪ್ಪು ಸಾಲದು ಎಂದು ಹೆಂಡತಿಗೆ ಹೇಳಿದ್ದು ಕೂಡ ನೆನಪಿದೆ.

ಕಾಲು ಜೋಮು ಹಿಡಿದಾಗ ಕಾಲು ಇದೆ ಎಂದು ಗೊತ್ತಿರುತ್ತದೆ, ಊರಿದರೆ ಮಾತ್ರ ತಿಳಿಯುವುದಿಲ್ಲ. ನನಗೆ ಆದದ್ದು ಅಷ್ಟೇ. ಇವತ್ತಿಗೂ ಅದು ಇಳಿದಿಲ್ಲ. ಆದ್ದರಿಂದ ಇದನ್ನು ಓದುವವರು ನನ್ನಿಂದ ಕಣ್ಣೀರು ನಿರೀಕ್ಷಿಸಬಾರದು. ನೆನಪಿರುವುದನ್ನು ನೆನಪಾದ ಹಾಗೆ ಬರೆಯುತ್ತೇನೆ.

ಬಾಣ, ಬಿರುಸು, ಹೂಕುಂಡ ಎಂಬ ಪಟಾಕಿಗಳನ್ನು ಕಟ್ಟುವುದು ಅವರ ಕಸುಬು. ಮನೆ ಶಿಡ್ಲಘಟ್ಟದಲ್ಲಿ. ಸುತ್ತಮುತ್ತ ಎಲ್ಲಿ ಮದುವೆ ಮೆರವಣಿಗೆಯಿರಲಿ, ಉರುಸಿರಲಿ, ದೇವರ ಉತ್ಸವವಿರಲಿ, ಮದ್ದು ಇವರದೇ. ಅವರಿಗೆ ಒಂದು ಹೆಸರಿತ್ತು, ಆದರೆ ಆ ಹೆಸರಿನಿಂದ ಕರೆದವರನ್ನು ನಾನು ಕಾಣೆ. ಎತ್ತರದ ಆಳು, ಆದರೆ ತಲೆ ಯಾವಾಗಲೂ ಬಗ್ಗಿಯೇ ಇರುತ್ತಿತ್ತು. ಮಾತನಾಡುವುದೆಲ್ಲ ಎದುರಿಗಿದ್ದವರ ಪಾದದ ಜೊತೆಗೆ. ಮೊದಲ ಸಲ ನಾನು, ಇವರು ನನ್ನ ಕಿತ್ತುಹೋದ ಚಪ್ಪಲಿಯನ್ನೇ ನೋಡುತ್ತಿದ್ದಾರೆ ಎಂದುಕೊಂಡು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಿದ್ದೆ.

ಎಡಗೈಯ ಎರಡು ಬೆರಳು ಸುಟ್ಟು ಒಂದಕ್ಕೊಂದು ಕೂಡಿಕೊಂಡಿದ್ದವು. ಉಳಿದ ಬೆರಳುಗಳ ತುದಿಗೂ ಸ್ಪರ್ಶವಿರಲಿಲ್ಲ. ಕುದಿಯುವ ಟೀ ಲೋಟವನ್ನು ಹಾಗೇ ಹಿಡಿದು ಕುಡಿಯುತ್ತಿದ್ದರು. ನಾನು ಬೆರಗಿನಿಂದ ನೋಡಿದರೆ, "ಇವಕ್ಕೆ ಬಿಸಿನೂ ಗೊತ್ತಾಗಲ್ಲ, ತಣ್ಣಗೂ ಗೊತ್ತಾಗಲ್ಲ ಮೇಷ್ಟ್ರೇ. ನಿಮ್ಮ ಸ್ಕೂಲ್ ಇನ್‌ಸ್ಪೆಕ್ಟರ್ ಇದ್ದಾರಲ್ಲ, ಹಂಗೆ" ಎನ್ನುತ್ತಿದ್ದರು.

ನಮ್ಮ ಪರಿಚಯ ಆದದ್ದು ನನ್ನ ದಡ್ಡತನದಿಂದ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಜಂಗಮಕೋಟೆಯ ಶಾಲೆಯಲ್ಲಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ಚಿಂತಾಮಣಿಯ ಸರ್ವೆಯವರೊಬ್ಬರು ಮಾರಿದ ಹಳೆಯ ಮಡಚುವ ಕ್ಯಾಮೆರಾ ಒಂದು ಕೈಗೆ ಬಂದಿತ್ತು. ದಿಬ್ಬೂರಹಳ್ಳಿಯಲ್ಲಿ ಜಮೀನುದಾರರೊಬ್ಬರ ಮಗಳ ಮದುವೆ, ಮೆರವಣಿಗೆಯಲ್ಲಿ ಬಾಣಬಿರುಸು. ಮದುಮಕ್ಕಳನ್ನು ಬಿಟ್ಟು ನಾನು ಆಕಾಶಕ್ಕೆ ಕ್ಯಾಮೆರಾ ಎತ್ತಿ, ಬಾಣ ಬಿರಿದಾಗಲೆಲ್ಲ ಟಕ್ ಟಕ್ ಎಂದು ಗುಂಡಿ ಒತ್ತಿದೆ. ರೋಲು ಖಾಲಿಯಾಯಿತು. ಚಿಕ್ಕಬಳ್ಳಾಪುರದ ಫೋಟೋದವರು ಅದನ್ನು ತೊಳೆದು, ಎಂಟು ಕರಿಯ ಚೌಕಗಳನ್ನು ನನ್ನ ಮುಂದೆ ಹರಡಿ, "ಏನ್ ಮೇಷ್ಟ್ರೇ, ಸ್ಕೂಲಿನ ಬೋರ್ಡ್‌ನೇ ಎಂಟು ಸಲ ತೆಗೆದಿದ್ದೀರಲ್ಲ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಆ ವಾರ ಸಾಬರೇ ಶಾಲೆಗೆ ನನ್ನನ್ನು ಹುಡುಕಿಕೊಂಡು ಬಂದರು. ಮೆರವಣಿಗೆಯಲ್ಲಿ ಯಾರೋ ಬಾಣದ ಪಟ ಹಿಡಿದರು ಎಂದು ಅವರಿಗೆ ಸುದ್ದಿ ಮುಟ್ಟಿತ್ತು. ಕರಿಯ ಚೌಕವನ್ನು ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದರಲ್ಲಿ ನಂದೆಲ್ಲಿದೆ ಮೇಷ್ಟ್ರೇ?"

"ಬಿದ್ದಿಲ್ಲ ಸಾಹೇಬರೇ. ನನಗೆ ಬರೋದಿಲ್ಲ, ಈಗ ಕಲೀತಿದೀನಿ."

"ಕಲೀರಿ. ನಾನು ನೋಡ್ಬೇಕು. ನಾನು ನೋಡಿಲ್ಲ."

ಏನು ನೋಡಿಲ್ಲ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಹುಡುಗರಾಗಿದ್ದಾಗಿನಿಂದ ಮದ್ದು ಹಚ್ಚುತ್ತಾ ಬಂದಿದ್ದಾರೆ, ಆದರೆ ತಮ್ಮ ಬಾಣ ಮೇಲೆ ಹೋಗಿ ಬಿರಿಯುವುದನ್ನು ಒಮ್ಮೆಯೂ ನೋಡಿಲ್ಲ. ಹಚ್ಚಿದವನು ನೆಲ ನೋಡಬೇಕು, ಇದು ಅವರ ಅಪ್ಪ ಹಾಕಿಕೊಟ್ಟ ಕಟ್ಟಳೆ. ಒಂದು ಮೇಲೆ ಹೋಗುತ್ತಿದ್ದ ಹಾಗೆ ಮುಂದಿನದರ ಬತ್ತಿ ಹಿಡಿಯಬೇಕು, ಮೇಲಿಂದ ಬಿದ್ದ ಕಿಡಿ ಎಲ್ಲಿ ಬಿತ್ತು ಎಂದು ಕಣ್ಣಿಡಬೇಕು. ತಲೆಯೆತ್ತಿದರೆ ಕೈ ಹೋಗುತ್ತದೆ. ಅವರು ಒಂದು ಸಲ ಎತ್ತಿದ್ದರಂತೆ, ಬಿರಿದದ್ದು ಕಾಣಲಿಲ್ಲ, ಎರಡು ಬೆರಳು ಕೂಡಿಕೊಂಡದ್ದು ಆಗಲೇ.

"ಹಾಗಾದ್ರೆ ಚೆನ್ನಾಗಿ ಬಂತೋ ಇಲ್ವೋ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ಜನ ಹೇಳ್ತಾರಲ್ಲ. ಹೆಂಗಸರು ಗಪ್‌ಚುಪ್ ಆದ್ರೆ ಎತ್ತರ ಹೋಯ್ತು ಅಂತ. ಗಂಡಸರು ಶಿಳ್ಳೆ ಹೊಡೆದ್ರೆ ಸದ್ದು ಮಾತ್ರ ಜೋರು, ಬೆಳಕು ಕಮ್ಮಿ ಅಂತ. ಮಗು ಅತ್ರೆ ನಂದೇ ತಪ್ಪು."

ಹೀಗೆ ನಾನು ಶಿಷ್ಯನಾದೆ. ಫೋಟೋ ವಿದ್ಯೆಯನ್ನು ನನಗೆ ಕಲಿಸಿದವರು ಒಂದು ದಿನವೂ ಕ್ಯಾಮೆರಾ ಮುಟ್ಟದ ಈ ಮನುಷ್ಯ ಎಂದರೆ ಚಿಕ್ಕಬಳ್ಳಾಪುರದವರು ಇನ್ನೊಮ್ಮೆ ನಗುತ್ತಾರೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಕ್ಯಾಮೆರಾದ ಕಣ್ಣು ತೆರೆದೇ ಇರುವ ಹಾಗೆ ಇಟ್ಟುಕೊಳ್ಳಬೇಕು ಎಂಬುದನ್ನೇನೋ ಫೋಟೋದವರು ಹೇಳಿಕೊಟ್ಟರು. ಆದರೆ ಯಾವಾಗ ತೆರೆಯಬೇಕು? ಬಿರಿದದ್ದನ್ನು ಕಂಡ ಮೇಲೆ ತೆರೆದರೆ ತಡವಾಯಿತು. ಸಾಬರು ಎಣಿಕೆ ಕೊಟ್ಟರು. "ನಾನು ಬತ್ತಿ ಹಚ್ಚಿ ಬಿಸ್ಮಿಲ್ಲಾ ಅಂತ ಜೋರಾಗಿ ಅಂತೀನಿ. ಅಲ್ಲಿಂದ ಎಣಿಸಿ. ಏಳಕ್ಕೆ ಬಿರಿಯುತ್ತೆ. ನೀವು ಐದಕ್ಕೇ ಅದರ ಕಣ್ಣು ತೆರೆದಿಡಿ." ಎರಡು ಬಾಣದ ನಡುವೆ ಕ್ಯಾಮೆರಾದ ಕಣ್ಣು ಮುಚ್ಚಲು ತಮ್ಮ ತಲೆಯ ಕರಿ ಟೋಪಿಯನ್ನೇ ತೆಗೆದುಕೊಟ್ಟರು.

ಎರಡನೆಯ ಸಲ ಉರುಸಿನಲ್ಲಿ ಪ್ರಯತ್ನಿಸಿದೆ. ಕ್ಯಾಮೆರಾವನ್ನು ಗೋಡೆಯ ಮೇಲಿಟ್ಟು ಕೈಯಲ್ಲಿ ಒತ್ತಿ ಹಿಡಿದಿದ್ದೆ, ಕೈ ನಡುಗಿತು. ಒಂದನೇ ತರಗತಿಯ ಮಕ್ಕಳ ಸ್ಲೇಟಿನ ಹಾಗೆ ಗೀಚು ಬಿದ್ದಿತ್ತು. ಮಾರನೆಯ ವರ್ಷ ಸ್ಟೂಲಿನ ಮೇಲಿಟ್ಟು ಮರಳು ಮೂಟೆ ಒತ್ತಿಟ್ಟೆ, ನಡುಕ ನಿಂತಿತು. ಆದರೆ ಗಾಳಿ ನನ್ನ ಕಡೆಗಿದ್ದು ಪಟದ ತುಂಬ ಹೊಗೆ. ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಸಾಬರು ಅದನ್ನು ನೋಡಿ, "ಹೊಗೆ ನಂದೇ. ಗುರುತು ಸಿಕ್ತು. ಬೆಳಕೆಲ್ಲಿ?" ಎಂದರು. ರಾತ್ರಿ ಬಾಣದ ಪಟ ತೆಗೆಯಲು ಕಲಿಯುವವನಿಗೆ ಕತ್ತಲೆಗಿಂತ ಹೊಗೆಯೇ ದೊಡ್ಡ ಶತ್ರು ಎಂದು ನನಗೆ ಆಗ ಗೊತ್ತಾಯಿತು.

ಹೊಗೆಯ ವಿಚಾರದಲ್ಲಿ ಅವರ ಇನ್ನೊಂದು ಪದ್ಧತಿಯನ್ನು ಹೇಳಬೇಕು. ನಮ್ಮ ಕಡೆ ಮನೆಮನೆಯಲ್ಲಿ ಬಿದಿರಿನ ತಟ್ಟೆಗಳಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಗೂಡು ಕಟ್ಟುವವರೆಗೆ ಒಂದು ವಾರ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಆ ವಾರ ಮನೆಯಲ್ಲಿ ಒಗ್ಗರಣೆ ಕೂಡ ಹಾಕುವುದಿಲ್ಲ. ಗಂಧಕದ ಹೊಗೆ ತಗುಲಿತೋ, ಹುಳು ಮೇವು ಬಿಟ್ಟಿತು ಎಂದೇ ಲೆಕ್ಕ. ಹಾಗಾಗಿ ಎಲ್ಲಿ ಕೆಲಸ ಒಪ್ಪಿಕೊಂಡರೂ ಸಾಬರು ಸಂಜೆಗೆ ಮೊದಲು ಅಲ್ಲಿನ ಒಂದೊಂದು ಬಾಗಿಲಿಗೂ ಹೋಗಿ, "ಅಕ್ಕಯ್ಯಾ, ಹುಳ ಎಷ್ಟನೇ ಜ್ವರದಲ್ಲಿ ಅವೆ?" ಎಂದು ಕೇಳುತ್ತಿದ್ದರು. ನಾಲ್ಕು ದಾಟಿದ ಹುಳು ಹತ್ತಿರದಲ್ಲಿದ್ದು ಗಾಳಿ ಆ ಕಡೆಗಿದ್ದರೆ ಬಾಣ ಹಚ್ಚುತ್ತಿರಲಿಲ್ಲ. ಮದುವೆ ಮನೆಯವರು ಕೂಗಾಡಿದರೂ ಸರಿ, ಗಾಡಿಗೆ ಎಲ್ಲ ತುಂಬಿಕೊಂಡು ವಾಪಸು. ಇಷ್ಟು ವರ್ಷದಲ್ಲಿ ನನ್ನ ಮದ್ದಿನಿಂದ ಒಂದು ತಟ್ಟೆ ಹುಳ ಹೋಗಿಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅದೊಂದೇ ಜಂಬ ಅವರಿಗಿದ್ದದ್ದು.

ಹೀಗೆ ಪರಿಚಯವಾಗಿ ಮೂರು ವರ್ಷ ಕಳೆಯಿತು. ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ನಾನೇ ಕಂಡೆ. ಬತ್ತಿ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಮೊದಲೇ ತಿಳಿಯುತ್ತಿರಲಿಲ್ಲ. ಬಗ್ಗಿ ಬತ್ತಿಯ ತುದಿಯನ್ನು ತುಟಿಗೆ ಮುಟ್ಟಿಸಿ ಗುರುತು ಹಿಡಿಯುತ್ತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಈ ಬೇಸಿಗೆ ಆದ್ರೆ ಆಯ್ತು ಮೇಷ್ಟ್ರೇ. ಮುಂದಿನ ವರ್ಷ ನೀವು ಎಂಥಾ ಪಟ ತಂದ್ರೂ ನನಗೆ ಕಾಣಲ್ಲ."

ಅದೇ ಹೊತ್ತಿಗೆ ನನಗೆ ಗೌರಿಬಿದನೂರಿನ ಕಡೆಗೆ ವರ್ಗವಾದ ಆರ್ಡರೂ ಬಂತು. ಯಾರ ಮದುವೆಯನ್ನೂ ಕಾಯದೆ, ಪಟಕ್ಕೆಂದೇ ಮೂರು ಸುತ್ತು ಮದ್ದು ಕಟ್ಟುತ್ತೇನೆ ಎಂದರು. ಜಂಗಮಕೋಟೆಯ ಕೆರೆ ಏರಿಯ ಮೇಲೆ ಅವರು, ನೀರು ಹಿಂದೆ ಸರಿದು ಒಣಗಿದ ಕೆರೆಯಂಗಳದಲ್ಲಿ ನಾನು. ಅಲ್ಲಿಂದ ಮರಗಿಡ ಅಡ್ಡ ಬರದೆ ಏರಿಯ ಮೇಲಿನ ಆಕಾಶ ಪೂರ್ತಿ ಕಾಣುತ್ತಿತ್ತು.

ಏರಿಯ ಆಚೆ, ಊರ ಕಡೆಗೆ ನಾಲ್ಕು ಮನೆ. ಇಬ್ಬರೂ ಹೋಗಿ ಕೇಳಿದೆವು. ಮೂರು ಮನೆಯಲ್ಲಿ ಹುಳು ಇರಲಿಲ್ಲ. ನಾಲ್ಕನೆಯ ಮನೆಯ ಹೆಂಗಸು ಹೊಸಿಲು ದಾಟದೆ, ಕೈಗೆ ಅಂಟಿದ ಸೊಪ್ಪನ್ನು ಕೊಡವುತ್ತಾ, "ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು ಸಾಬಣ್ಣ. ಈ ವರ್ಷ ಇದೊಂದೇ ಬೆಳೆ ಕಣಪ್ಪ ನಮಗೆ. ನೋಡ್ಕೊಂಡು ಮಾಡು" ಎಂದಳು.

"ಹೊಗೆ ಈ ಕಡೆ ತಿರುಗಿದ್ರೆ ನಾನು ಬತ್ತಿ ಮುಟ್ಟಲ್ಲ ಅಕ್ಕಯ್ಯ. ನನ್ನ ಮಾತು."

ದಾರಿಯಲ್ಲಿ ನನಗೆ ಹೇಳಿದರು. "ಕತ್ತಲಲ್ಲಿ ನನಗೀಗ ಹೊಗೆ ಕಾಣಲ್ಲ. ಪ್ರತಿ ಸುತ್ತಿಗೂ ಕೇಳ್ತೀನಿ. ಹೊಗೆ ನಿಮ್ಮ ಮೇಲೆ, ಕೆರೆ ಕಡೆಗೆ ಬರ್ತಿದ್ರೆ ಮಾತ್ರ ಹೂಂ ಅನ್ನಿ."

ಕತ್ತಲಾಯಿತು. ಮೊದಲ ಸುತ್ತು ಹಚ್ಚಿದರು. ಬಿಸ್ಮಿಲ್ಲಾ ಕೇಳಿಸಿತು, ಎಣಿಸಿದೆ, ಟೋಪಿ ತೆಗೆದೆ. ಹೊಗೆ ನೇರವಾಗಿ ನನ್ನ ಮೇಲೇ ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪಟ ಹಾಳಾಯಿತು ಎಂದು ಆಗಲೇ ಗೊತ್ತಾಯಿತು. ಎರಡನೆಯದೂ ಹಾಗೇ. ಏರಿಯ ಮೇಲಿಂದ ಅವರು ಕೂಗುತ್ತಿದ್ದರು, ನಾನು ಕೆಮ್ಮುತ್ತಲೇ ಹೂಂ ಎನ್ನುತ್ತಿದ್ದೆ.

ಕೊನೆಯ ಸುತ್ತು ದೊಡ್ಡದು. ಏರಿಯುದ್ದಕ್ಕೂ ಹೂಕುಂಡದ ಸಾಲು, ಅದರ ನಡುವಿನಿಂದ ಏಳುವ ಬಾಣಗಳು. ಅವರು ಸಾಲು ಜೋಡಿಸುತ್ತಿದ್ದಾಗ ಗಾಳಿ ತಿರುಗಿತು. ಗಾಳಿ ಎನ್ನುವಷ್ಟು ಗಾಳಿಯೂ ಅಲ್ಲ, ಸಣ್ಣ ಸುಳಿ. ನನ್ನ ಸುತ್ತ ಇದ್ದ ಹೊಗೆ ನಿಧಾನವಾಗಿ ಏರಿಯ ಕಡೆಗೆ ಸರಿದು, ಏರಿ ದಾಟಿ ಊರ ಕಡೆಗೆ ಇಳಿಯಿತು. ನನ್ನ ಮುಂದೆ ಆಕಾಶ ತೊಳೆದಿಟ್ಟ ಹಾಗೆ ನಿಚ್ಚಳವಾಯಿತು. ನಕ್ಷತ್ರ ಕಾಣುತ್ತಿದ್ದವು. ಮೂರು ವರ್ಷದಲ್ಲಿ ನನಗೆ ಅಂಥ ಆಕಾಶ ಸಿಕ್ಕಿರಲಿಲ್ಲ.

"ಮೇಷ್ಟ್ರೇ, ಹೊಗೆ ನಿಮ್ಮ ಕಡೆಗೇನಾ?"

"ಹೂಂ, ಈ ಕಡೆಗೇ. ಹಚ್ಚಿ" ಎಂದೆ. ಎಂದು ಎರಡು ಸಲ ಕೆಮ್ಮಿದೆ.

ಕೆಮ್ಮಬೇಕೆಂದು ಯಾರೂ ಹೇಳಿರಲಿಲ್ಲ, ನಾನಾಗಿಯೇ ಸೇರಿಸಿದ್ದು. ಹಾಗೆ ಕೆಮ್ಮುವಾಗ ನನಗೆ ಏನನ್ನಿಸಿತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಏನೂ ಅನ್ನಿಸಿರಲಿಲ್ಲ. ಐದು ಎಣಿಸಬೇಕು ಎಂಬುದೊಂದೇ ತಲೆಯಲ್ಲಿತ್ತು.

ಮೂರನೆಯ ದಿನ ಆ ಮನೆಯ ಹುಳು ಮೇವು ಬಿಟ್ಟವು. ತಲೆ ಜೋತುಹಾಕಿಕೊಂಡು ಮೆತ್ತಗಾಗಿ, ತಟ್ಟೆ ತಟ್ಟೆಯೇ ಹೋಯಿತು. ಹಿತ್ತಿಲಲ್ಲಿ ಗುಂಡಿ ತೋಡಿ ಸುರಿದರು. ವಾಸನೆ ಶಾಲೆಯವರೆಗೂ ಬರುತ್ತಿತ್ತು. ರೇಷ್ಮೆ ಇಲಾಖೆಯವರೊಬ್ಬರು ಬಂದು ನೋಡಿ, ಹೊಗೆಯೇ ಎಂದು ಹೇಳಲಾಗದು, ಹುಳುಗಳಿಗೆ ತಾನಾಗಿ ಬರುವ ಸಪ್ಪೆ ರೋಗವೂ ಇರಬಹುದು ಎಂದರಂತೆ. ಆ ಮಾತನ್ನು ನಾನು ಬಹಳ ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆದರೆ ಊರಿನ ಇನ್ನೊಂದು ತುದಿಯಲ್ಲಿ, ಹೊಗೆ ಮುಟ್ಟದ ಮನೆಯೊಂದರಲ್ಲಿ, ಅದೇ ಕಡೆಯಿಂದ ತಂದ ಮೊಟ್ಟೆಯ ಹುಳು ಚೆನ್ನಾಗಿಯೇ ಗೂಡು ಕಟ್ಟಿದವು.

ಸುದ್ದಿ ಕೇಳಿ ಸಾಬರು ಬಂದರು. ನನ್ನನ್ನು ಕರೆದುಕೊಂಡೇ ಆ ಮನೆಗೆ ಹೋದರು. ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತರು, ಅವರ ಹಿಂದೆ ನಾನು ನಿಂತೆ. ಆ ಹೆಂಗಸು ಬೈಯಲಿಲ್ಲ, ಅಳಲಿಲ್ಲ.

"ಮಾತು ಕೊಟ್ಟಿದ್ದೆಯಲ್ಲ ಸಾಬಣ್ಣ" ಎಂದಳು.

"ಕೊಟ್ಟಿದ್ದೆ ಅಕ್ಕಯ್ಯ."

ಅಷ್ಟೇ ಮಾತು. ನಾನು ಬಾಯಿ ತೆರೆಯಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಒಂದೇ ಲೆಕ್ಕ ಹಾಕುತ್ತಿದ್ದರು. "ಹೊಗೆ ಕೆರೆ ಕಡೆಗೇ ಹೋಯ್ತು. ಆದ್ರೂ ಹುಳ ಹೋದ್ವು. ಹಾಗಾದ್ರೆ ಮದ್ದೇ ಕೆಟ್ಟಿದೆ. ಗಂಧಕ ಜಾಸ್ತಿ ಬಿದ್ದಿರ್ಬೇಕು. ಕಣ್ಣಿಲ್ಲ, ಕೈಗೂ ಗೊತ್ತಾಗಲ್ಲ, ಅಳತೆ ತಪ್ಪಿದೆ. ಅಳತೆ ತಪ್ಪಿದೋನು ಮದ್ದು ಮುಟ್ಟಬಾರ್ದು ಮೇಷ್ಟ್ರೇ." ಆ ವಾರವೇ ಒರಳು, ಜರಡಿ, ಬಿದಿರಿನ ಕೊಳವೆಗಳನ್ನೆಲ್ಲ ಚಿಂತಾಮಣಿಯ ಇನ್ನೊಬ್ಬ ಮದ್ದಿನವರಿಗೆ ಕೊಟ್ಟುಬಿಟ್ಟರು. ಲೈಸೆನ್ಸಿನ ಕಾಗದವನ್ನು ತಾಲ್ಲೂಕು ಕಚೇರಿಗೆ ಹಿಂತಿರುಗಿಸಿದರು.

ನಾನು ಚಿಕ್ಕಬಳ್ಳಾಪುರಕ್ಕೆ ಹೋಗಿ ರೋಲು ತೊಳೆಸಿದೆ. ಮೊದಲೆರಡು ಬರೀ ಹೊಗೆ. ಮೂರನೆಯದನ್ನು ನೋಡಿ ಫೋಟೋದವರು ಈ ಸಲ ನಗಲಿಲ್ಲ. "ಇದು ನೀವೇ ತೆಗೆದದ್ದಾ ಮೇಷ್ಟ್ರೇ?" ಎಂದರು. ಕರಿಯ ಆಕಾಶದಲ್ಲಿ ಬೆಳ್ಳಿಯ ಗೀಟುಗಳು ನೆಟ್ಟಗೆ ಎದ್ದು, ತುದಿಯಲ್ಲಿ ಬಾಗಿ, ಒಂದೊಂದೂ ಬಿಡಿಬಿಡಿಯಾಗಿ ಕೆಳಗಿಳಿದಿದ್ದವು. ಕೆಳಗೆ ಹೂಕುಂಡದ ಸಾಲು. ಹುಳು ಸತ್ತದ್ದು ಆಗಲೇ ನನಗೆ ಗೊತ್ತಿತ್ತು. ಆದರೂ ಖುಷಿಯಾಯಿತು. ಆ ಅಂಗಡಿಯಲ್ಲಿ ನಿಂತಷ್ಟು ಹೊತ್ತು ನನಗೆ ತುಂಬ ಖುಷಿಯಾಯಿತು.

ಊರು ಬಿಡುವ ಹಿಂದಿನ ದಿನ ಅವರ ಮನೆಗೆ ಒಯ್ದು ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ಮೂಗಿಗೆ ತಾಗುವ ಹಾಗೆ ಹಿಡಿದುಕೊಂಡರು. ಅತ್ತಿತ್ತ ತಿರುಗಿಸಿದರು. ಕಾಣುತ್ತಿತ್ತು ಅವರಿಗೆ, ಇನ್ನೂ ಅಷ್ಟು ಕಾಣುತ್ತಿತ್ತು.

"ಇಷ್ಟು ಎತ್ತರ ಹೋಗಿತ್ತಾ?"

"ಹೋಗಿತ್ತು ಸಾಹೇಬರೇ."

ಇನ್ನೂ ಸ್ವಲ್ಪ ಹೊತ್ತು ನೋಡಿದರು. "ಹೊಗೆ ಕಾಣಲ್ವಲ್ಲ."

"ಪಟದಲ್ಲಿ ಹೊಗೆ ಬೀಳಲ್ಲ" ಎಂದೆ.

ಹಿಂದಿನ ವರ್ಷ ಬರೀ ಹೊಗೆ ಬಿದ್ದ ಪಟವನ್ನು ಇದೇ ಕೈಯಲ್ಲಿ ಹಿಡಿದು ನೋಡಿದ್ದವರು ಅವರು. ಮರೆತಿದ್ದರೋ, ಮೇಷ್ಟ್ರು ಹೇಳಿದ ಮೇಲೆ ಇರಬೇಕು ಎಂದುಕೊಂಡರೋ. "ಹೌದಾ" ಎಂದು ಪಟವನ್ನು ನನಗೇ ಹಿಂತಿರುಗಿಸಿದರು. "ನೋಡ್ದೆ, ಸಾಕು. ಇದನ್ನ ಮನೇಲಿಟ್ರೆ ಆ ಅಕ್ಕಯ್ಯನ ತಟ್ಟೆ ನೆನಪಾಗುತ್ತೆ" ಎಂದರು.

ಅದೇ ಕೊನೆ. ನಾನು ಗೌರಿಬಿದನೂರಿಗೆ ಬಂದೆ, ಮದುವೆಯಾದೆ, ಕ್ಯಾಮೆರಾವನ್ನು ಮಾರಿದೆ. ಆ ಕಡೆಗೆ ಹೋಗುವ ಬಸ್ಸು ದಿನಕ್ಕೆ ನಾಲ್ಕಿತ್ತು. ಆರು ವರ್ಷ ನಾನು ಹತ್ತಲಿಲ್ಲ.

ಡ್ರಿಲ್ ಮೇಷ್ಟರು ಸುದ್ದಿ ಹೇಳಿದ ಮರುವಾರ ಹತ್ತಿದೆ. ಅವರ ಹೆಂಡತಿ ಅಂಗಳದ ಚಪ್ಪರದ ಕೆಳಗೆ ಚರಕದ ಮುಂದೆ ಕೂತು ರೇಷ್ಮೆ ತೆಗೆಯುತ್ತಿದ್ದರು. ಬಿಸಿನೀರಿನ ಬಾಣಲೆಯಲ್ಲಿ ಗೂಡುಗಳು ತೇಲುತ್ತಿದ್ದವು. ನನ್ನ ಗುರುತು ಸಿಕ್ಕಿತು. ಕೂರಲು ಮಣೆ ಕೊಟ್ಟರು.

"ತುಂಬಾ ನೆನೆಸ್ಕೋತಿದ್ರು ನಿಮ್ಮನ್ನ" ಎಂದರು. "ಕಣ್ಣು ಪೂರ್ತಿ ಹೋದ್ಮೇಲೆ ಇಲ್ಲೇ ಕೂತಿರೋರು. ದಿನಾ ಒಂದೇ ಮಾತು. ಮೇಷ್ಟ್ರು ಕೆಮ್ಮಿದ್ದು ನನ್ನ ಕಿವಿಗೆ ಕೇಳಿಸ್ತು, ಹೊಗೆ ಅವರ ಕಡೆಗೇ ಹೋಗ್ತಿತ್ತು, ಹಾಗಾದ್ರೆ ಗಂಧಕ ಎಷ್ಟು ಹಾಕ್ಬಿಟ್ಟೆ ನಾನು, ಅಂತ. ನನ್ನ ಕೈಲಿ ಅಳತೆ ಹೇಳಿಸೋರು, ಅವತ್ತು ನಾನೇ ತೂಗಿ ಕೊಟ್ಟಿದ್ದು, ಅವರು ಬೆರೆಸಿದ್ದು ಅಷ್ಟೇ. ಸರಿಯಾಗೇ ಇತ್ತು ಅಂದ್ರೂ ನಂಬ್ತಿರ್ಲಿಲ್ಲ. ಕೊನೇ ದಿನಾನೂ ಅದೇ ಕೇಳಿದ್ರು."

ಬಾಣಲೆಯ ನೀರು ಸಣ್ಣಗೆ ಕುದಿಯುತ್ತಿತ್ತು. ನಾನು ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ, ಬಾಯಿಗೆ ತಾನಾಗಿ ಬಂತು. "ಅಳತೆ ಸರಿಯಿತ್ತಮ್ಮ. ಹೊಗೆ ಊರ ಕಡೆ ತಿರುಗಿತ್ತು. ನಾನು ನೋಡಿದ್ದೆ. ಆಕಾಶ ತಿಳಿಯಾಗಿತ್ತು, ಪಟ ಚೆನ್ನಾಗಿ ಬರುತ್ತೆ ಅಂತ ಸುಳ್ಳು ಹೇಳಿದೆ. ಕೆಮ್ಮಿದ್ದೂ ಸುಳ್ಳು."

ಅವರು ಚರಕ ನಿಲ್ಲಿಸಿದರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹಾಗಾದ್ರೆ ಅವರ ಮದ್ದು ಸರಿಯಿತ್ತು?"

"ಸರಿಯಿತ್ತಮ್ಮ."

ಹರಿದ ಎಳೆಯೊಂದನ್ನು ಬಾಣಲೆಯಿಂದ ಹುಡುಕಿ ತೆಗೆದು, ಗಂಟು ಹಾಕಿ, ಮತ್ತೆ ಚರಕಕ್ಕೆ ಕೊಟ್ಟರು.

"ಇದನ್ನ ಅವರಿಗೆ ಆಗ್ಲೇ ಹೇಳಿದ್ದಿದ್ರೆ ಕೋಪ ಮಾಡ್ಕೋತಿರ್ಲಿಲ್ಲ ಮೇಷ್ಟ್ರೇ" ಎಂದರು. "ಮಾರನೇ ದಿನ ಬೆಳಿಗ್ಗೆ ಎದ್ದು ಮದ್ದು ಅರೆಯೋಕೆ ಕೂತ್ಕೊಳ್ಳೋರು."